ಅಣುತೂಕದ ಲೆಕ್ಕವೂ ಗೊಬ್ಬರದ ಚೀಲವೂ



ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ವೃತ್ತಾಂತವನ್ನು ಬರೆಯಲು ನನಗಿಂತ ಹಿರಿಯರಿದ್ದಾರೆಂದು ತಿಳಿದು, ನಾನು ಒಂದು ಪಾಠವನ್ನೇ ಬರೆಯಲು ನಿಶ್ಚಯಿಸಿದೆನು. ಪಾಠ ಹೇಳುವುದು ನನ್ನ ಕಸಬು. ಅದೂ ಅಲ್ಲದೆ ಈ ಪಾಠವನ್ನು ಬರೆದುಕೊಡಬೇಕೆಂದು ನಿಮ್ಮಲ್ಲೊಬ್ಬರು ನನ್ನನ್ನು ಕೇಳಿರುವರು. ಅದು ಹೇಗೆಂಬುದನ್ನು ಮೊದಲು ಹೇಳುವೆನು.

ಒಂಬತ್ತನೆಯ ತರಗತಿಯಲ್ಲಿ ಅಣುತೂಕವನ್ನು ಕಂಡುಹಿಡಿಯುವ ಪಾಠವುಂಟು. ನಿಮ್ಮಲ್ಲಿ ಅನೇಕರು ಅದನ್ನು ಕಲಿತು, ಪರೀಕ್ಷೆಯಲ್ಲಿ ಬರೆದು, ಮರೆತೂ ಇರುವಿರಿ. ಒಂದು ದಿನ ನಾನು ಕಪ್ಪು ಹಲಗೆಯ ಮೇಲೆ ಯೂರಿಯದ ಸೂತ್ರವನ್ನು ಬರೆದು, ಅದರ ಅಣುತೂಕವನ್ನು ತೆಗೆಯಿರೆಂದು ಹೇಳಿದೆನು. ಹೆಚ್ಚಿನ ಹುಡುಗಿಯರು 60 ಎಂದು ಬರೆದರು. ಒಬ್ಬಳ ಪಾಟಿಯಲ್ಲಿ ಮಾತ್ರ 46 ಎಂದಿತ್ತು. ತಪ್ಪಾಯಿತೆಂದು ನಾನು ಹೇಳಲು ಅವಳು ಎದ್ದು ನಿಂತು, “ಅಕ್ಕಾವರ, ನಂದು ಸರಿ ಐತ್ರಿ. ನಮ್ಮ ಮನ್ಯಾಗಿನ ಯೂರಿಯಾ ಚೀಲದ ಮ್ಯಾಲೂ 46 ಅಂತನ ಬರದೈತ್ರಿ” ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು.

ಮುಂದೆ ಪಾಲಕರ ಸಭೆಯಲ್ಲಿ ನಾನು ಈ ಸಂಗತಿಯನ್ನು ವಿನೋದಕ್ಕಾಗಿ ಹೇಳಿದೆನು. ಎಲ್ಲರೂ ನಕ್ಕರು, ಹಿಂದೆ ಕುಳಿತಿದ್ದ ಒಬ್ಬ ಪಾಲಕರು ಮಾತ್ರ ನಗಲಿಲ್ಲ. ಸಭೆ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು, “ಅಕ್ಕಾವರ, ಆ ಹುಡುಗಿಗೆ ನಗಬ್ಯಾಡ್ರಿ. 46 ಅನ್ನೂದನ್ನ ನಂಬಿ ನಾನೂ ಕೆಟ್ಟೇನ್ರಿ” ಎಂದರು.

ಅವರ ಕಥೆ ಹೀಗಿತ್ತು. ಒಂದು ಮುಂಗಾರಿನಲ್ಲಿ ಅವರ ಒಂದು ಎಕರೆ ಗೋವಿನಜೋಳವು ಮೊಳಕಾಲೆತ್ತರ ಬೆಳೆದು ಮೇಲುಗೊಬ್ಬರವನ್ನು ಬೇಡುತ್ತಿತ್ತು. ಎಷ್ಟು ಸಲ ಸರದಿಯಲ್ಲಿ ನಿಂತರೂ ಯೂರಿಯ ದೊರೆಯಲಿಲ್ಲ. ಅಂಗಡಿಯೊಂದರಲ್ಲಿ ಬೇರೊಂದು ಚೀಲವನ್ನು ತೋರಿಸಿ, “ಇದರಾಗೂ 46 ಐತಿ, ಒಯ್ರಿ” ಎಂದರಂತೆ. ಅದು ಡಿಎಪಿ ಚೀಲ. ಅದರ ಮೇಲೆ 46 ಎಂದು ಅಚ್ಚಾಗಿದ್ದುದು ನಿಜವೇ. ಇವರು ಯೂರಿಯದ ಬೆಲೆಗಿಂತ ಹಲವು ಪಟ್ಟು ಹಣವನ್ನು ಕೊಟ್ಟು, ಚೀಲವನ್ನು ತಂದು, ಸಾಲುಗಳ ನಡುವೆ ಚೆಲ್ಲಿದರು. ಬೆಳೆಯು ಚೇತರಿಸಲಿಲ್ಲ. ಕೆಳಗಿನ ಎಲೆಗಳು ತುದಿಯಿಂದ ನಡುದಿಂಡಿನ ಗುಂಟ ಹಳದಿಯಾಗುತ್ತ ನಡೆದವು. “ಸುಳ್ಳು ಯಾರೂ ಹೇಳಲಿಲ್ರಿ. ಚೀಲದ ಮ್ಯಾಲೆ 46 ಇತ್ತು. ಹಂಗಾರ ತಪ್ಪು ಎಲ್ಲಾತು? ಇದನ್ನ ತಿಳಿಯೂ ಹಂಗ ಬರದು ಕೊಡ್ರಿ” ಎಂದು ಅವರು ಕೇಳಿದರು.

ಹೀಗೆ ಮೂರು 46ಗಳು ನನ್ನ ಮುಂದೆ ಬಂದು ನಿಂತವು. ಹುಡುಗಿಯ ಪಾಟಿಯಲ್ಲಿದ್ದುದು ಒಂದು. ಯೂರಿಯದ ಚೀಲದ ಮೇಲಿನದು ಇನ್ನೊಂದು. ಡಿಎಪಿ ಚೀಲದ ಮೇಲಿನದು ಮತ್ತೊಂದು. ಅಂಕಿ ಒಂದೇ ಆದರೂ ಅರ್ಥ ಮೂರು. ಇವನ್ನು ಬೇರೆ ಬೇರೆ ಮಾಡಿ ತೋರಿಸುವ ಸಾಧನವೇ ನಾವು ನಕ್ಕು ಬಿಟ್ಟ ಆ ಅಣುತೂಕದ ಲೆಕ್ಕ.

ಅಣುತೂಕವೆಂದರೇನು?

ಎಲ್ಲ ವಸ್ತುಗಳೂ ಪರಮಾಣುಗಳಿಂದ ಆದವುಗಳು. ಪರಮಾಣುಗಳು ಕೂಡಿ ಅಣುವಾಗುತ್ತವೆ. ಪರಮಾಣುವನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿಯೂ ತೂಗಲಾಗದು. ಆದುದರಿಂದ ಒಂದು ಪರಮಾಣುವು ಇನ್ನೊಂದಕ್ಕಿಂತ ಎಷ್ಟು ಪಟ್ಟು ಭಾರವೆಂಬುದನ್ನು ಮಾತ್ರ ಹೇಳುವ ಪದ್ಧತಿಯುಂಟು. ಎಲ್ಲಕ್ಕೂ ಹಗುರವಾದ ಜಲಜನಕವನ್ನು ಸುಮಾರು 1 ಎಂದೆಣಿಸಿದರೆ ಇಂಗಾಲವು 12, ಸಾರಜನಕವು 14, ಆಮ್ಲಜನಕವು 16, ರಂಜಕವು 31, ಗಂಧಕವು 32 ಆಗುತ್ತವೆ. 1961ರಿಂದ ವಿಜ್ಞಾನಿಗಳು ಇಂಗಾಲದ ಒಂದು ಬಗೆಯನ್ನು ಸರಿಯಾಗಿ 12 ಎಂದು ಹಿಡಿದು, ಉಳಿದವುಗಳನ್ನು ಅದಕ್ಕೆ ಹೋಲಿಸಿ ಹೇಳುತ್ತಾರೆ. ನಮ್ಮ ಲೆಕ್ಕಕ್ಕೆ ಮೇಲಿನ ಪೂರ್ಣಾಂಕಗಳೇ ಸಾಕು.

ಅಣುವಿನಲ್ಲಿರುವ ಪರಮಾಣುಗಳ ತೂಕವನ್ನೆಲ್ಲ ಕೂಡಿಸಿದರೆ ಅಣುತೂಕ. ನಿಯಮವು ಇಷ್ಟೇ. ನಮ್ಮ ದುಮ್ಮವಾಡದ ಹತ್ತಿರದ ನೀರಸಾಗರದ ನೀರನ್ನೇ ತೆಗೆದುಕೊಳ್ಳಿರಿ. ನೀರಿನ ಅಣುವಿನಲ್ಲಿ ಜಲಜನಕ ಎರಡು, ಆಮ್ಲಜನಕ ಒಂದು. ಎರಡು ಒಂದಲಿ ಎರಡು; ಅದಕ್ಕೆ 16 ಕೂಡಿಸಲು 18. ನೀರಿನ ಅಣುತೂಕ 18.

ಇದರಲ್ಲಿ ತಪ್ಪಲು ಏನಿದೆಯೆಂದು ಕೇಳುವಿರಾ? ತಪ್ಪುವುದು ಕೂಡಿಸುವುದರಲ್ಲಿ ಅಲ್ಲ, ಎಣಿಸುವುದರಲ್ಲಿ. ಪರಮಾಣುತೂಕಗಳ ಮೊದಲ ಪಟ್ಟಿಯನ್ನು 19ನೆಯ ಶತಮಾನದ ಆರಂಭದಲ್ಲಿ ಸಿದ್ಧಪಡಿಸಿದ ಇಂಗ್ಲೆಂಡಿನ ಜಾನ್ ಡಾಲ್ಟನ್ನನೇ ನೀರಿನಲ್ಲಿ ಜಲಜನಕ ಒಂದು, ಆಮ್ಲಜನಕ ಒಂದು ಎಂದು ಭಾವಿಸಿದ್ದನು. ಆದಕಾರಣ ಅವನ ಪಟ್ಟಿಯಲ್ಲಿ ಆಮ್ಲಜನಕದ ತೂಕವು ನಿಜವಾದುದರ ಸುಮಾರು ಅರ್ಧದಷ್ಟೇ ಬಂದಿತು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ರಸಾಯನ ಶಾಸ್ತ್ರಜ್ಞರ ಸಮ್ಮೇಳನವು ನೆರೆದು, ಇಟಲಿಯ ಕ್ಯಾನಿಜಾರೋ ಎಂಬವನು ಸರಿಯಾದ ಮಾರ್ಗವನ್ನು ವಿವರಿಸಿದ ಮೇಲೆಯೇ ಈ ಗೊಂದಲವು ತಿಳಿಯಾಗುತ್ತ ಬಂದಿತು. ಅಷ್ಟು ದೊಡ್ಡವರೇ ಎಣಿಕೆಯಲ್ಲಿ ಎಡವಿರಲು ನಮ್ಮ ಹುಡುಗಿಗೆ ನಗುವುದು ಉಚಿತವಲ್ಲ.

ಮೊದಲನೆಯ 46: ಪಾಟಿಯ ಮೇಲಿನದು

ಯೂರಿಯದ ಸೂತ್ರವನ್ನು ಬರೆಯುವಾಗ ಇಂಗಾಲ ಒಂದು, ಆಮ್ಲಜನಕ ಒಂದು ಬರೆದು, ಆಮೇಲೆ ಕಂಸದೊಳಗೆ ಸಾರಜನಕ ಒಂದು, ಜಲಜನಕ ಎರಡು ಬರೆದು, ಕಂಸದ ಹೊರಗೆ ಕೆಳಗಡೆ 2 ಎಂದು ಬರೆಯುತ್ತೇವೆ. ಹೊರಗಿನ ಆ 2 ಒಳಗಿರುವ ಎಲ್ಲಕ್ಕೂ ಸಲ್ಲುತ್ತದೆ. ಎರಡು ಬುಟ್ಟಿಗಳಿವೆ, ಒಂದೊಂದರಲ್ಲಿ ಒಂದು ತೆಂಗಿನಕಾಯಿಯೂ ಎರಡು ಲಿಂಬೆಹಣ್ಣುಗಳೂ ಇವೆಯೆಂದರೆ, ಒಟ್ಟು ತೆಂಗಿನಕಾಯಿ ಎರಡು, ಲಿಂಬೆಹಣ್ಣು ನಾಲ್ಕು ಆಗುವವಷ್ಟೆ? ಅದರಂತೆಯೇ ಇದು.

ಇಂಗಾಲ 1 × 12 = 12
ಆಮ್ಲಜನಕ 1 × 16 = 16
ಸಾರಜನಕ 2 × 14 = 28
ಜಲಜನಕ 4 × 1 = 4
ಒಟ್ಟು 60

ನಮ್ಮ ಹುಡುಗಿಯು ಜಲಜನಕವನ್ನು ಸರಿಯಾಗಿ ನಾಲ್ಕೆಂದು ಎಣಿಸಿ, ಸಾರಜನಕವನ್ನು ಒಂದೇ ಎಂದು ಹಿಡಿದಳು. 12, 16, 14, 4 ಕೂಡಿಸಲು 46 ಬಂದಿತು. ಮನೆಯ ಚೀಲದ ಮೇಲಿನ ಅಂಕಿಗೆ ಅದು ಹೊಂದಿಕೆಯಾದುದು ಕೇವಲ ಆಕಸ್ಮಿಕ. ಹೊಂದಿಕೆಯಾದ ಕಾರಣ ಅವಳು ತನ್ನ ಲೆಕ್ಕವನ್ನು ಮತ್ತೊಮ್ಮೆ ನೋಡಲಿಲ್ಲ. ತಪ್ಪು ಲೆಕ್ಕವು ತಪ್ಪು ಉತ್ತರವನ್ನು ಕೊಟ್ಟರೆ ಅಪಾಯವು ಕಡಿಮೆ; ಪರಿಚಿತವಾದ ಅಂಕಿಯನ್ನು ಕೊಟ್ಟರೆ ಅಪಾಯವು ಹೆಚ್ಚು.

60 ಎಂಬುದು ಸರಿಯೆಂಬುದಕ್ಕೆ ಸಾಕ್ಷಿ ಬೇಕಾದರೆ ಯೂರಿಯವನ್ನು ತಯಾರಿಸುವ ರೀತಿಯನ್ನು ನೋಡಬಹುದು. ಜರ್ಮನಿಯ ವೋಲರನು 1828ರಲ್ಲಿ ಇದನ್ನು ಮೊದಲ ಬಾರಿಗೆ ಪ್ರಯೋಗಶಾಲೆಯಲ್ಲಿ ತಯಾರಿಸಿದನು. ಈಗ ಕಾರ್ಖಾನೆಗಳಲ್ಲಿ ಅಮೋನಿಯ ಅನಿಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೆಚ್ಚಿನ ಒತ್ತಡದಲ್ಲಿ ಕೂಡಿಸಿ ಮಾಡುತ್ತಾರೆ. ನಮ್ಮ ರಾಜ್ಯದಲ್ಲಿ ಮಂಗಳೂರಿನ ಬಳಿಯ ಪಣಂಬೂರಿನ ಕಾರ್ಖಾನೆಯು 1976ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಅಮೋನಿಯದ ಅಣುತೂಕ 17. ಎರಡು ಅಣುಗಳಿಗೆ 34. ಇಂಗಾಲದ ಡೈಆಕ್ಸೈಡಿನದು 44. ಕೂಡಿಸಲು 78. ಹುಟ್ಟುವ ವಸ್ತುಗಳು ಒಂದು ಯೂರಿಯ, ಒಂದು ನೀರು. 60ಕ್ಕೆ 18 ಕೂಡಿಸಲು ಮತ್ತೆ 78. ಒಳಗೆ ಹೋದುದೂ ಹೊರಗೆ ಬಂದುದೂ ಸರಿಹೋಯಿತು. ಯೂರಿಯವು 46 ಆಗಿದ್ದರೆ 14ರಷ್ಟು ಎಲ್ಲಿಯೋ ಕಳೆದುಹೋಗಬೇಕಾಗಿತ್ತು. ಅದು ಅವಳು ಬಿಟ್ಟ ಒಂದು ಸಾರಜನಕದ ತೂಕವೇ ಆಗಿದೆ.

ಎರಡನೆಯ 46: ಯೂರಿಯದ ಚೀಲದ ಮೇಲಿನದು

ರೈತನಿಗೆ ಬೇಕಾದುದು ಯೂರಿಯವಲ್ಲ, ಅದರೊಳಗಿನ ಸಾರಜನಕ. ಎಲೆಯ ಹಸಿರಿಗೂ ಬೆಳೆಯ ಬೆಳವಣಿಗೆಗೂ ಅದೇ ಬೇಕು. 60 ಭಾಗ ಯೂರಿಯದಲ್ಲಿ 28 ಭಾಗ ಸಾರಜನಕವಿದ್ದರೆ ನೂರು ಭಾಗದಲ್ಲಿ ಎಷ್ಟು? 28ನ್ನು 60ರಿಂದ ಭಾಗಿಸಿ ನೂರರಿಂದ ಗುಣಿಸಿರಿ, 46.67 ಬರುವುದು. ಚೀಲದ ಮೇಲಿನ 46 ಇದೇ. ಅದು ಅಣುತೂಕವಲ್ಲ, ಅಣುತೂಕದ ಸಹಾಯದಿಂದ ತೆಗೆದ ಶೇಕಡಾ ಪ್ರಮಾಣ.

46.67 ಇರಬೇಕಾದಲ್ಲಿ 46 ಎಂದೇಕೆ ಬರೆದರು? ಕಾರ್ಖಾನೆಯ ಯೂರಿಯದಲ್ಲಿ ಸ್ವಲ್ಪ ತೇವವೂ ಬಯುರೆಟ್ ಎಂಬ ಪದಾರ್ಥವೂ ಇರುತ್ತವೆ. ಬಯುರೆಟ್ ಹೇಗೆ ಹುಟ್ಟುತ್ತದೆಂಬುದನ್ನೂ ನಮ್ಮ ಲೆಕ್ಕದಿಂದಲೇ ಹೇಳಬಹುದು. ಬಿಸಿ ಹೆಚ್ಚಾದಾಗ ಎರಡು ಯೂರಿಯಗಳು ಕೂಡಿಕೊಂಡು ಒಂದು ಅಮೋನಿಯವನ್ನು ಬಿಡುತ್ತವೆ. 120ರಲ್ಲಿ 17 ಕಳೆಯಲು 103. ಇದು ಬಯುರೆಟ್ಟಿನ ಅಣುತೂಕ. ಇದು ಹೆಚ್ಚಾದರೆ ಎಳೆಯ ಸಸಿಗಳಿಗೆ ಕೇಡಾಗುವುದರಿಂದ ಸರಕಾರವು ಅದಕ್ಕೆ ಮಿತಿಯನ್ನು ಹಾಕಿದೆ. 2015ರಿಂದ ನಮ್ಮ ದೇಶದ ಯೂರಿಯಕ್ಕೆ ಬೇವಿನೆಣ್ಣೆಯ ಲೇಪವನ್ನೂ ಮಾಡುತ್ತಾರೆ. ಇವನ್ನೆಲ್ಲ ಲೆಕ್ಕದಲ್ಲಿ ಹಿಡಿದು, ಇದಕ್ಕಿಂತ ಕಡಿಮೆಯಿರಕೂಡದೆಂದು ಗೊತ್ತುಮಾಡಿದ ಅಂಕಿಯೇ 46.

ಮೂರನೆಯ 46: ಡಿಎಪಿ ಚೀಲದ ಮೇಲಿನದು

ಡಿಎಪಿ ಎಂಬುದು ಡೈಅಮೋನಿಯಂ ಫಾಸ್ಫೇಟ್ ಎಂಬುದರ ಮೊಟಕು. ಅದರ ಅಣುವಿನಲ್ಲಿ ಅಮೋನಿಯಂ ಗುಂಪು ಎರಡು, ಜಲಜನಕ ಒಂದು, ರಂಜಕ ಒಂದು, ಆಮ್ಲಜನಕ ನಾಲ್ಕು. ಒಂದು ಅಮೋನಿಯಂ ಗುಂಪಿನಲ್ಲಿ ಸಾರಜನಕ ಒಂದು, ಜಲಜನಕ ನಾಲ್ಕು. ಅದರ ತೂಕ 18.

ಅಮೋನಿಯಂ ಗುಂಪು 2 × 18 = 36
ಜಲಜನಕ 1 × 1 = 1
ರಂಜಕ 1 × 31 = 31
ಆಮ್ಲಜನಕ 4 × 16 = 64
ಒಟ್ಟು 132

ಇದರಲ್ಲಿ ಸಾರಜನಕವು ಯೂರಿಯದಲ್ಲಿದ್ದಂತೆಯೇ 28. ಆದರೆ ಅಲ್ಲಿ 60ರಲ್ಲಿ 28, ಇಲ್ಲಿ 132ರಲ್ಲಿ 28. ಆದುದರಿಂದ ಶುದ್ಧ ಡಿಎಪಿಯಲ್ಲಿ ಸಾರಜನಕವು ಶೇಕಡಾ 21.2 ಮಾತ್ರ. ಮಾರುಕಟ್ಟೆಯ ಡಿಎಪಿ ಅಷ್ಟು ಶುದ್ಧವಾಗಿರದ ಕಾರಣ ಚೀಲದ ಮೇಲೆ 18 ಎಂದಿರುತ್ತದೆ. 18 ಮೊದಲು, 46 ಆಮೇಲೆ. ಮೊದಲನೆಯ ಅಂಕಿಯು ಯಾವಾಗಲೂ ಸಾರಜನಕದ್ದು, ಎರಡನೆಯದು ರಂಜಕದ್ದು, ಮೂರನೆಯದು ಇದ್ದರೆ ಪೊಟ್ಯಾಷಿನದು. ನಮ್ಮ ಪಾಲಕರು ನೋಡಿದ 46 ಎರಡನೆಯ ಸ್ಥಾನದಲ್ಲಿದ್ದಿತು. ಸ್ಥಾನವನ್ನು ನೋಡದೆ ಅಂಕಿಯನ್ನು ಮಾತ್ರ ನೋಡಿದುದೇ ಕೇಡಿಗೆ ಕಾರಣವಾಯಿತು.

ಇನ್ನೊಂದು ಸೂಕ್ಷ್ಮವುಂಟು. ಆ 46 ಕೂಡ ಬರಿಯ ರಂಜಕದ್ದಲ್ಲ. ಹಿಂದಿನ ಕಾಲದ ರಸಾಯನಜ್ಞರು ರಂಜಕವನ್ನು ಅದರ ಆಕ್ಸೈಡಿನ ರೂಪದಲ್ಲಿ ಲೆಕ್ಕ ಹೇಳುತ್ತಿದ್ದರು. ಆ ರೂಢಿಯೇ ಗೊಬ್ಬರದ ಚೀಲಗಳ ಮೇಲೆ ಉಳಿದುಕೊಂಡಿದೆ. ಆ ಆಕ್ಸೈಡಿನಲ್ಲಿ ರಂಜಕ ಎರಡು, ಆಮ್ಲಜನಕ ಐದು. ಎಂದರೆ 62 ಮತ್ತು 80, ಒಟ್ಟು 142. ಇದರಲ್ಲಿ ನಿಜವಾದ ರಂಜಕವು 62 ಮಾತ್ರ. ಒಂದು ಆಕ್ಸೈಡಿಗೆ ಎರಡು ರಂಜಕಗಳು ಬೇಕಾದುದರಿಂದ ಎರಡು ಡಿಎಪಿ ಅಣುಗಳು, ಎಂದರೆ 264 ಭಾಗ ಡಿಎಪಿಯು, 142 ಭಾಗ ಆಕ್ಸೈಡಿಗೆ ಸಮ. ಶೇಕಡಾ ತೆಗೆದರೆ 53.8. ಚೀಲದ ಮೇಲೆ 46. ಇಲ್ಲಿ ಒಂದು ಸೊಗಸಿದೆ: 21.2ಕ್ಕೆ 18 ಯಾವ ಪ್ರಮಾಣದಲ್ಲಿದೆಯೋ, 53.8ಕ್ಕೆ 46 ಕೂಡ ಸುಮಾರು ಅದೇ ಪ್ರಮಾಣದಲ್ಲಿದೆ. ಎರಡೂ ಕಡೆ ನೂರಕ್ಕೆ 85ರಷ್ಟು. ಫಾಸ್ಫೇಟ್ ಕಲ್ಲಿನಿಂದ ತೆಗೆದ ಆಮ್ಲದೊಡನೆ ಬೇರೆ ಲವಣಗಳೂ ಬಂದು ಸೇರಿರುವುದರಿಂದ ಹೀಗಾಗುತ್ತದೆ.

ಹಳಬರಿಗೆ ಪರಿಚಿತವಾದ ಅಮೋನಿಯಂ ಸಲ್ಫೇಟನ್ನೂ ಹೋಲಿಸಿ ನೋಡೋಣ. ಮೈಸೂರಿನ ಹತ್ತಿರದ ಬೆಳಗೊಳದಲ್ಲಿ ಸ್ವಾತಂತ್ರ್ಯ ಬರುವುದಕ್ಕೆ ಮುಂಚೆಯೇ ಇದನ್ನು ತಯಾರಿಸುತ್ತಿದ್ದರು. ಇದರಲ್ಲಿ ಅಮೋನಿಯಂ ಗುಂಪು ಎರಡು, ಗಂಧಕ ಒಂದು, ಆಮ್ಲಜನಕ ನಾಲ್ಕು. 36, 32, 64 ಕೂಡಿಸಲು 132. ಡಿಎಪಿಯ ಅಣುತೂಕವೂ 132! ರಂಜಕದ 31 ಮತ್ತು ಜಲಜನಕದ 1 ಕೂಡಿ ಗಂಧಕದ 32ಕ್ಕೆ ಸಮನಾದುದೇ ಇದಕ್ಕೆ ಕಾರಣ. ಅಣುತೂಕವು ಒಂದೇ ಆದರೂ ಒಂದರಲ್ಲಿ ರಂಜಕವಿದೆ, ಇನ್ನೊಂದರಲ್ಲಿ ರಂಜಕವೇ ಇಲ್ಲ. ಒಟ್ಟು ಮೊತ್ತವನ್ನು ನೋಡಿದರೆ ಸಾಲದು, ಮೊತ್ತವು ಯಾವುದರಿಂದ ಆಯಿತೆಂಬುದನ್ನೂ ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ನನಗೆ ದೊರೆತಿಲ್ಲ.

ಆ ಹೊಲದಲ್ಲಿ ಏನಾಯಿತು?

ಈಗ ನಮ್ಮ ಪಾಲಕರ ಹೊಲಕ್ಕೆ ಬರೋಣ. 2018ರಿಂದ ಯೂರಿಯದ ಚೀಲವು 45 ಕಿಲೋ ತೂಗುತ್ತದೆ. ನೂರಕ್ಕೆ 46ರಂತೆ ಅದರಲ್ಲಿ 20.7 ಕಿಲೋ ಸಾರಜನಕ. ಅವರು ಅದರ ಬದಲು ಹಾಕಿದ 50 ಕಿಲೋ ಡಿಎಪಿಯಲ್ಲಿ ನೂರಕ್ಕೆ 18ರಂತೆ 9 ಕಿಲೋ ಸಾರಜನಕ. ಬೆಳೆಗೆ ದೊರೆತುದು ಅರ್ಧಕ್ಕಿಂತಲೂ ಕಡಿಮೆ. ಒಂದು ಚೀಲ ಯೂರಿಯದ ಸಾರಜನಕವನ್ನು ಡಿಎಪಿಯಿಂದಲೇ ಪಡೆಯಬೇಕಾದರೆ 115 ಕಿಲೋ ಹಾಕಬೇಕಾಗುತ್ತಿತ್ತು.

ಅವರು ಹಣ ಕೊಟ್ಟು ತಂದ ರಂಜಕವಾದರೂ ಉಪಯೋಗಕ್ಕೆ ಬಂದಿತೇ? ಚೀಲದಲ್ಲಿ ಆಕ್ಸೈಡಿನ ಲೆಕ್ಕದಂತೆ 23 ಕಿಲೋ, ನಿಜವಾದ ರಂಜಕವಾಗಿ ಸುಮಾರು 10 ಕಿಲೋ ಇದ್ದಿತು. ಆದರೆ ರಂಜಕವು ಮಣ್ಣಿನಲ್ಲಿ ಬಿದ್ದ ಸ್ಥಳವನ್ನು ಬಿಟ್ಟು ದೂರ ಸರಿಯುವುದಿಲ್ಲ. ಬಿತ್ತುವಾಗಲೇ ಬೀಜದ ಹತ್ತಿರ, ಬೇರಿಗೆ ನಿಲುಕುವಂತೆ ಅದನ್ನು ಕೊಡಬೇಕು. ಮೊಳಕಾಲೆತ್ತರದ ಬೆಳೆಗೆ ಮೇಲೆ ಚೆಲ್ಲಿದ ರಂಜಕವು ಆ ವರ್ಷದ ಬೆಳೆಗೆ ಒದಗುವುದು ಸ್ವಲ್ಪ ಮಾತ್ರ. ಡಿಎಪಿ ಕೆಟ್ಟ ಗೊಬ್ಬರವೆಂದು ಇದರ ಅರ್ಥವಲ್ಲ. ಬಿತ್ತನೆಯ ಹೊತ್ತಿಗೆ ಅದು ಒಳ್ಳೆಯದೇ. ಯೂರಿಯದ ಕೆಲಸವನ್ನು ಅದರಿಂದ ನಿರೀಕ್ಷಿಸಿದುದು ತಪ್ಪಾಯಿತು, ಅಷ್ಟೇ.

ಇದರ ಜೊತೆಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅಣುತೂಕವು ಚೀಲದಲ್ಲಿ ಏನಿದೆಯೆಂದು ಹೇಳಬಲ್ಲುದು. ಹೊಲಕ್ಕೆ ಎಷ್ಟು ಬೇಕೆಂದು ಹೇಳಲಾರದು. ಅದನ್ನು ಹೇಳುವುದು ಮಣ್ಣಿನ ಪರೀಕ್ಷೆ. 2015ರಿಂದ ರೈತರಿಗೆ ಮಣ್ಣು ಆರೋಗ್ಯ ಕಾರ್ಡುಗಳನ್ನು ಕೊಡುತ್ತ ಬಂದಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಶಿಫಾರಸುಗಳೂ ಇವೆ. ಇವುಗಳಲ್ಲಿ ಸಾರಜನಕ ಇಷ್ಟು, ರಂಜಕ ಇಷ್ಟು, ಪೊಟ್ಯಾಷ್ ಇಷ್ಟು ಎಂದು ಕಿಲೋಗಳಲ್ಲಿ ಬರೆದಿರುತ್ತದೆ. ಅದನ್ನು ಚೀಲಗಳ ಲೆಕ್ಕಕ್ಕೆ ತಿರುಗಿಸುವ ಕೆಲಸವು ಮನೆಯವರದು. 23 ಕಿಲೋ ಸಾರಜನಕವೆಂದಿದ್ದರೆ 23ನ್ನು 46ರಿಂದ ಭಾಗಿಸಿ ನೂರರಿಂದ ಗುಣಿಸಿರಿ. 50 ಕಿಲೋ ಯೂರಿಯ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಬೆಳೆಯುವುದೆಂದು ಎರಡು ಚೀಲ ಸುರಿದರೆ ಉಳಿದುದು ಮಳೆಯ ನೀರಿನೊಡನೆ ಹಳ್ಳಕ್ಕೂ ಕೆರೆಗೂ ಬಾವಿಗೂ ಇಳಿಯುತ್ತದೆ. ಆ ನೀರನ್ನು ಕುಡಿಯುವವರೂ ನಾವೇ.

ನಾನು ವಿದ್ಯಾರ್ಥಿನಿಯಾಗಿದ್ದಾಗ ಅಣುತೂಕದ ಲೆಕ್ಕಗಳನ್ನು ಚೆನ್ನಾಗಿ ಮಾಡಿ ಗುಣಗಳನ್ನು ಪಡೆದಿದ್ದೆನು. ಶಿಕ್ಷಕಿಯಾದ ಮೇಲೆ ಎಷ್ಟೋ ವರುಷ ಅವೇ ಲೆಕ್ಕಗಳನ್ನು ಕಲಿಸಿ, ತಪ್ಪಿಗೆ ಕೆಂಪು ಗೆರೆಯನ್ನು ಎಳೆದಿದ್ದೆನು. ಆದರೆ ಗೊಬ್ಬರದ ಚೀಲವೊಂದನ್ನು ತರಗತಿಗೆ ತರಿಸಿ ಅದರ ಅಂಕಿಗಳನ್ನು ಓದಿಸಬೇಕೆಂದು ನನಗೆ ತೋಚಿರಲಿಲ್ಲ. ಅದನ್ನು ನನಗೆ ಕಲಿಸಿದವರು 46 ಎಂದು ಬರೆದ ಒಬ್ಬ ಹುಡುಗಿ ಮತ್ತು 46ನ್ನು ನಂಬಿ ನಷ್ಟಪಟ್ಟ ಒಬ್ಬ ರೈತರು. ಈಗ ನಮ್ಮ ಪ್ರಯೋಗಶಾಲೆಯ ಗೋಡೆಗೆ ಮೂರು ಖಾಲಿ ಚೀಲಗಳನ್ನು ತೂಗುಹಾಕಿದ್ದೇವೆ. ಅವುಗಳಲ್ಲಿ ಯೂರಿಯದ ಚೀಲವು ಆ ಹುಡುಗಿಯ ಮನೆಯದೇ.

ಪಾಲಕರಲ್ಲಿ ನನ್ನದೊಂದು ವಿನಂತಿ. ಗೊಬ್ಬರವನ್ನು ಕೊಳ್ಳಲು ಹೋಗುವಾಗ ನಿಮ್ಮ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಚೀಲದ ಅಂಕಿಗಳನ್ನು ಅವಳಿಂದ ಓದಿಸಿರಿ. ಯಾವುದು ಯಾವುದರ ಅಂಕಿಯೆಂದು ಕೇಳಿರಿ. ಅವಳು ತಡವರಿಸಿದರೆ ಶಾಲೆಗೆ ಬಂದು ನನಗೆ ತಿಳಿಸಿರಿ. ಆ ಕೊರತೆ ನಮ್ಮದು. ಪೂರ್ವ ವಿದ್ಯಾರ್ಥಿನಿಯರೇ, ನೀವು ಗಂಡನ ಮನೆಯಲ್ಲಿರಿ, ತವರಿನಲ್ಲಿರಿ, ಪಟ್ಟಣದ ಕಚೇರಿಯಲ್ಲಿರಿ, ಕೆಳಗಿನ ಲೆಕ್ಕಗಳನ್ನು ಒಮ್ಮೆ ಮಾಡಿ ನೋಡಿರಿ. ಕೈ ಮರೆತಿಲ್ಲವೆಂಬುದು ನಿಮಗೇ ತಿಳಿಯುವುದು.

ಅಭ್ಯಾಸಕ್ಕಾಗಿ

(ಸೋಡಿಯಂ 23, ಕ್ಲೋರಿನ್ 35.5, ಪೊಟ್ಯಾಸಿಯಂ 39, ಕ್ಯಾಲ್ಸಿಯಂ 40 ಎಂದು ಹಿಡಿಯಿರಿ.)

1. ಅಡುಗೆ ಸೋಡಾದಲ್ಲಿ ಸೋಡಿಯಂ 1, ಜಲಜನಕ 1, ಇಂಗಾಲ 1, ಆಮ್ಲಜನಕ 3. ಅದರ ಅಣುತೂಕವೆಷ್ಟು?

2. ಸುಣ್ಣದ ಕಲ್ಲಿನಲ್ಲಿ ಕ್ಯಾಲ್ಸಿಯಂ 1, ಇಂಗಾಲ 1, ಆಮ್ಲಜನಕ 3. ಅದನ್ನು ಸುಟ್ಟಾಗ ಒಂದು ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. 100 ಕಿಲೋ ಶುದ್ಧ ಕಲ್ಲಿನಿಂದ ಎಷ್ಟು ಕಿಲೋ ಸುಟ್ಟ ಸುಣ್ಣ ದೊರೆಯುವುದು?

3. ಬಟ್ಟೆ ಒಗೆಯುವ ಸೋಡಾದ ಹರಳಿನಲ್ಲಿ ಸೋಡಿಯಂ 2, ಇಂಗಾಲ 1, ಆಮ್ಲಜನಕ 3. ಇವುಗಳೊಡನೆ ನೀರಿನ 10 ಅಣುಗಳು. 100 ರೂಪಾಯಿಯ ಹರಳನ್ನು ಕೊಂಡರೆ ಅದರಲ್ಲಿ ಎಷ್ಟು ರೂಪಾಯಿ ನೀರಿಗೆ ಕೊಟ್ಟಂತಾಯಿತು?

4. ಪೊಟ್ಯಾಷ್ ಗೊಬ್ಬರದಲ್ಲಿ ಪೊಟ್ಯಾಸಿಯಂ 1, ಕ್ಲೋರಿನ್ 1. ಚೀಲದ ಮೇಲೆ ಬರೆಯುವ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ 2, ಆಮ್ಲಜನಕ 1 ಇರುವ ಆಕ್ಸೈಡ್. ಶುದ್ಧ ಗೊಬ್ಬರದಲ್ಲಿ ಈ ಆಕ್ಸೈಡಿನ ಲೆಕ್ಕವು ಶೇಕಡಾ ಎಷ್ಟಾಗಬೇಕು? ಚೀಲದ ಮೇಲೆ 60 ಎಂದಿರುವುದನ್ನು ಅದಕ್ಕೆ ಹೋಲಿಸಿರಿ.

ಉತ್ತರಗಳು: (1) 84. (2) ಕಲ್ಲಿನ ಅಣುತೂಕ 100, ಹೊರಡುವುದು 44. ದೊರೆಯುವುದು 56 ಕಿಲೋ. (3) ಹರಳಿನ ಅಣುತೂಕ 286, ನೀರು 180. ಸುಮಾರು 63 ರೂಪಾಯಿ. (4) ಎರಡು ಅಣುಗಳಿಗೆ 149, ಆಕ್ಸೈಡು 94. ಶೇಕಡಾ ಸುಮಾರು 63. ಈ 60ಕ್ಕೂ ಯೂರಿಯದ ಅಣುತೂಕವಾದ 60ಕ್ಕೂ ಏನೂ ಸಂಬಂಧವಿಲ್ಲವೆಂಬುದನ್ನು ಈಗ ನಾನು ಹೇಳಬೇಕಾಗಿಲ್ಲ.